ಬಾಗಿಲಿಗೆ ಒರಗಿದ್ದ ಪೊರಕೆ

“ಇದು ಮರದ ಮನೆಯಲ್ಲ ಸಿರ್ಕಾ, ಮರದ ವೇಷ ಹಾಕಿರೋ ಫ್ಲಾಟು!”

“ಮತ್ತೆ ಫೋಟೋ ನೋಡಿ ಕುಣಿದಾಡ್ಕೊಂಡು ಬುಕ್ ಮಾಡ್ದೋರು ಯಾರು? ನಾನಾ?”

“ಫೋಟೋದಲ್ಲಿ ಹೊರಗಡೆ ಮಾತ್ರ ಇತ್ತು ಕಣೇ.”

“ಹಂಗಾದ್ರೆ ಹೊರಗಡೇನೇ ಮಲ್ಕೋ. ಅಯ್ಯೋ, ಈ ನೆಲ ಎಷ್ಟು ಬೆಚ್ಚಗಿದೆ!” ಸಿರ್ಕಾ ಕಾಲುಚೀಲ ಕಿತ್ತೆಸೆದು ಬರಿಗಾಲಲ್ಲಿ ಮನೆಯಿಡೀ ಓಡಾಡಿದಳು.

ಅವಳ ಗಂಡ ವೇಯ್ಕೊಗೆ ಅಳುವೊಂದು ಬಾಕಿ. ತುರ್ಕು ಪಟ್ಟಣದಿಂದ ಇಷ್ಟು ದೂರ, ಇನಾರಿ ಸರೋವರದ ದಡಕ್ಕೆ, ಬಿಸಿನೆಲದ ಮೇಲೆ ಓಡಾಡಲು ಬಂದದ್ದೇ? ಅವನ ಮುಮ್ಮೋ, ಅಂದರೆ ಅಜ್ಜಿ, ಇದೇ ಬಡಗಣ ಸೀಮೆಯಲ್ಲಿ ದಿಮ್ಮಿಗಳ ಮನೆಯಲ್ಲಿದ್ದಳು. ರಜೆಗೆ ಹೋದಾಗಲೆಲ್ಲ ಮಂಜುಗಡ್ಡೆಗೆ ತೂತು ಕೊರೆದು ನೀರು ಸೇದುವುದೂ, ಶನಿವಾರದ ಸೌನಾಕ್ಕೆ, ಅಂದರೆ ಹಬೆಸ್ನಾನದ ಕೋಣೆಗೆ, ಬರ್ಚ್ ಮರದ ಕಟ್ಟಿಗೆ ಸೀಳುವುದೂ ಅವನದೇ ಕೆಲಸ. “ನನ್ನ ವೇಯ್ಕೊನ ಕೈಯಲ್ಲಿ ಕೊಡಲಿ ಇದ್ರೆ ಕಟ್ಟಿಗೆ ತಾನಾಗೇ ಎರಡಾಗತ್ತೆ” ಅನ್ನುತ್ತಿದ್ದಳು ಮುಮ್ಮೋ. ಆಮೇಲೆ ಅಂಥಾ ಮಾತು ಅವನಿಗೆ ಯಾರೂ ಹೇಳಿರಲಿಲ್ಲ (ಮದುವೆಯಾದ ಮೇಲಂತೂ ಇಲ್ಲವೇ ಇಲ್ಲ).

ಇಲ್ಲಿನ ಸೌನಾಕ್ಕೋ, ಗೋಡೆಯ ಮೇಲೊಂದು ಬಟನ್. ಒತ್ತಿದರೆ ‘ಕಿಣ್’ ಅಂತ ಕೆಂಪು ದೀಪ. ಅಷ್ಟೇ!

ಗಂಡ ಹೆಂಡಿರ ನಡುವಿನ ಪಂದ್ಯವೇನೂ ಸಣ್ಣದಲ್ಲ. ಸಿರ್ಕಾ ಪ್ರತಿ ಚಳಿಗಾಲಕ್ಕೂ ಹೋಗುತ್ತಿದ್ದ ಬಿಸಿಲಿನ ದ್ವೀಪವನ್ನು ಈ ಸಲ ಬಿಟ್ಟು ಬಂದಿದ್ದಳು. “ಎರಡು ವಾರ ಕೊಟ್ಟಿದೀನಿ. ನಂಗೆ ಹಿಡಿಸ್ಲಿಲ್ವೋ, ಸಾಯೋವರೆಗೂ ಈ ಮಂಜಿನ ಮಾತು ಎತ್ತಕೂಡದು” ಎಂದು ರೈಲಿನಲ್ಲೇ ಕೈಮೇಲೆ ಕೈ ಹಾಕಿಸಿಕೊಂಡಿದ್ದಳು.

ಮಾರನೆಯ ದಿನ ಶನಿವಾರ. ಮುಖ ಊದಿಸಿಕೊಂಡು ದಡದುದ್ದಕ್ಕೂ ನಡೆದ ವೇಯ್ಕೊ ಬರ್ಚ್ ಮರಗಳ ತಿರುವಿನಲ್ಲಿ ಗಕ್ಕನೆ ನಿಂತ. ಹೊಗೆ ಕುಡಿದು ಕಪ್ಪಾದ ದಿಮ್ಮಿಗಳ ಪುಟ್ಟ ಸೌನಾ! ಬಾಗಿಲಿಗೆ ಒಂದು ಪೊರಕೆ ಒರಗಿತ್ತು. (ಆ ಸೀಮೆಯಲ್ಲಿ ಬಾಗಿಲಿಗೆ ಪೊರಕೆ ಒರಗಿದ್ದರೆ ಒಳಗೆ ಯಾರೂ ಇಲ್ಲ ಅಂತ. ಬೀಗ ಯಾರಿಗೆ ಬೇಕು!) ಕೆರೆದಂಡೆಯ ಬಾಡಿಗೆಮನೆ ಅಂದಮೇಲೆ ದಡದಲ್ಲೊಂದು ಸೌನಾ ಇರಲೇಬೇಕಲ್ಲ? ಇದು ನಮ್ಮದೇ, ಬಟನ್ ಬಂದಮೇಲೆ ಪಾಪ ಇದನ್ನು ಎಲ್ಲರೂ ಮರೆತಿದ್ದಾರೆ ಎಂದು ಅವನು ತೀರ್ಮಾನಿಸಿ, ಪೊರಕೆ ಎತ್ತಿ ಮೆಟ್ಟಿಲಿನ ಹಿಮ ಗುಡಿಸಿಯೇಬಿಟ್ಟ.

ಆಮೇಲೆ ನಡೆದದ್ದು ಮಹಾಯಜ್ಞ. ಗೋಡೆಬದಿಯಲ್ಲಿದ್ದ ಕೊಡಲಿ ಮೊದಲ ಏಟಿಗೇ ದಿಮ್ಮಿಯೊಳಗೆ ಸಿಕ್ಕಿಕೊಂಡಿತು. ಎಳೆದಾಗ ಕೊಡಲಿ ಬರಲಿಲ್ಲ, ಸೊಂಟ ಕಿತ್ತುಬಂತು. ಸೇದಿದ ನೀರಿನಲ್ಲಿ ಅರ್ಧ ಬೂಟಿನೊಳಗೇ ಹೋಯಿತು. ಆದರೂ ಚಿಮಣಿಯಿಂದ ನೀಲಿ ಹೊಗೆ ಎದ್ದಾಗ ಅವನ ವಯಸ್ಸು ಹತ್ತಕ್ಕಿಳಿದಿತ್ತು.

“ಬಾ ಸಿರ್ಕಾ, ಬಟನ್ ಇಲ್ಲದ ಸೌನಾ ಅಂದ್ರೇನು ತೋರಿಸ್ತೀನಿ!” ಎಂದು ಹೆಂಡತಿಯನ್ನು ಎಳೆದುಕೊಂಡು ಬಂದರೆ, ಬಾಗಿಲಲ್ಲಿ ಟವೆಲ್ಲಿನ ಬುಟ್ಟಿ ಹಿಡಿದು ಒಬ್ಬ ಮುದುಕಿ ನಿಂತಿದ್ದಾಳೆ.

“ಓಹೋ! ನನ್ನ ಸೌನಾ ಕಾಯಿಸಿದ್ದು ನೀನೇನೋ ಹುಡುಗಾ?”

ಐವತ್ತೆಂಟರ ಹುಡುಗ ತೊದಲಿದ. “ನಿ… ನಿಮ್ದಾ?”

“ಮತ್ತಿನ್ನೇನು ಹಿಮಸಾರಂಗದ್ದಾ? ಪೊರಕೆ ಜಾಗದಲ್ಲಿಲ್ಲ, ಹೊಗೆ ಬೇರೆ ಬರ್ತಿದೆ. ಅಳಿಯ ಕೊನೆಗೂ ಯಾರನ್ನೋ ಕಟ್ಟಿಗೆ ಒಡೆಯೋಕೆ ಕಳಿಸಿದ್ನಲ್ಲಪ್ಪಾ ಅನ್ಕೊಂಡೆ. ನಾನು ಐಲಿ. ಇವಳ್ಯಾರು?”

“ಇವನ ಹೆಂಡತಿ” ಎಂದಳು ಸಿರ್ಕಾ, ನಗು ತಡೆಯಲಾರದೆ. “ಇವನು ಕಳ್ಳ ಅಲ್ಲ ಐಲಿ, ಸ್ವಲ್ಪ ಪೆದ್ದ.”

“ಸರಿ ಬಾ ಮಗಳೇ. ಮೊದಲು ಹೆಂಗಸರು, ಆಮೇಲೆ ಗಂಡಸರು.”

ಕ್ರಮ ಕ್ರಮವೇ. ವೇಯ್ಕೊ ಹಿಮದಲ್ಲಿ ಬೆಂಚಿನ ಮೇಲೆ ಕೂತ. ಒಳಗೆ ಬಿಸಿಕಲ್ಲಿನ ಮೇಲೆ ನೀರು ಚೊಯ್ಯೆಂದಿತು. ನಗು, ಪಿಸುಮಾತು, ಮತ್ತೆ ನಗು.

“ಹುಡುಗಾ, ನೀರು!”

ತಂದ.

“ವೇಯ್ಕೊ, ಕಟ್ಟಿಗೆ! ಬೇಗ!”

ಒಡೆದ. ಇದ್ದಕ್ಕಿದ್ದಂತೆ ಬಾಗಿಲು ಧಡಾರನೆ ತೆರೆದು, ಚಳಿಗೆ ಹೆದರಿ ಬಿಸಿಲಿನ ದ್ವೀಪಕ್ಕೆ ಓಡುತ್ತಿದ್ದ ಅವನ ಹೆಂಡತಿ ಹೋ ಎಂದು ಕೂಗಿಕೊಂಡು ಹಿಮಕ್ಕೆ ಹಾರಿ ಹೊರಳಾಡಿದಳು! ಅವಳು ಹಾಗೆ ನಕ್ಕದ್ದನ್ನು ಅವನು ನೋಡಿ ಎಷ್ಟು ವರ್ಷವಾಗಿತ್ತೋ.

ಅವನ ಸರದಿ ಬರುವಷ್ಟರಲ್ಲಿ ಒಲೆಯಲ್ಲಿ ಕೆಂಡವೂ ಬೂದಿಯಾಗುತ್ತಿತ್ತು. ನೀರು ಹಾಕಿದರೆ ಕಲ್ಲುಗಳು ನಿಟ್ಟುಸಿರಿಟ್ಟು ಸುಮ್ಮನಾದವು. ಆದರೆ ಆ ವಾಸನೆ! ಹೊಗೆ, ಮರದ ಟಾರು, ಒದ್ದೆ ಬರ್ಚ್ ಎಲೆ. ಮುಮ್ಮೋ ಪಕ್ಕದಲ್ಲೇ ಕೂತು ಬೆನ್ನು ಉಜ್ಜುತ್ತಿದ್ದಾಳೆ ಅನ್ನಿಸಿತು. ಉಗುರುಬೆಚ್ಚಗಿನ ಕತ್ತಲಲ್ಲಿ ಅವನ ಕಣ್ಣು ತುಂಬಿತು (ಹಬೆಯಿಂದ ಎಂದು ಹೇಳೋಣವೆಂದರೆ ಹಬೆಯೇ ಇರಲಿಲ್ಲ).

ಹೊರಬಂದಾಗ ಐಲಿಯ ಅಡುಗೆಮನೆಯಲ್ಲಿ ಕಾಫಿ, ಏಲಕ್ಕಿ ಬನ್ನು. ಸಿರ್ಕಾಳ ಕೆನ್ನೆ ಲಿಂಗನ್ ಹಣ್ಣಿನಷ್ಟು ಕೆಂಪು.

“ತೀರ್ಮಾನ ಆಯ್ತು” ಎಂದಳು. “ಮುಂದಿನ ವರ್ಷಾನೂ ಇಲ್ಲಿಗೇ. ಆದ್ರೆ ಆ ಬಾಡಿಗೆಮನೆ ಬೇಡ. ಐಲಿ ಮಹಡಿ ಕೋಣೆ ಕೊಡ್ತಾಳಂತೆ, ಬಾಡಿಗೇನೇ ಇಲ್ಲ!”

ಗೆದ್ದೆ! ವೇಯ್ಕೊ ಬನ್ನಿನ ಸಮೇತ ಮೇಲೆದ್ದ. “ನಿಜವಾಗ್ಲೂ? ಸುಮ್ನೆ?”

“ಸುಮ್ನೇನೇ” ಎಂದಳು ಐಲಿ. “ಚಳಿಗಾಲಕ್ಕಾಗೋಷ್ಟು ಕಟ್ಟಿಗೆ ಒಡೆದ್ರೆ ಆಯ್ತು. ನಿನ್ನ ಕೈಯಲ್ಲಿ ಕೊಡಲಿ ಇದ್ರೆ ಕಟ್ಟಿಗೆ ತಾನಾಗೇ ಎರಡಾಗತ್ತಂತಲ್ಲ, ಸಿರ್ಕಾ ಹೇಳಿದ್ಲು.”

ವೇಯ್ಕೊ ಕೂತ.

“ಮುಂದಿನ ಶನಿವಾರ ಬೆಳಿಗ್ಗೇನೇ ಬಂದ್ಬಿಡು ಹುಡುಗಾ. ಪೊರಕೆ ಒರಗಿಸಿಟ್ಟಿರ್ತೀನಿ. ನನ್ನ ತಂಗಿಯರಿಬ್ರೂ ಬರ್ತಾರೆ, ಕಟ್ಟಿಗೆ ಜಾಸ್ತಿ ಬೇಕು.”

“ಅಲ್ಲ, ನನ್ನ ಸರದಿ?”

ಸಿರ್ಕಾ ಪ್ರೀತಿಯಿಂದ ಅವನ ಬೆನ್ನು ತಟ್ಟಿದಳು. “ನಿಂಗೇನಪ್ಪಾ, ಆ ಮನೇಲಿ ಬಟನ್ ಇದೆಯಲ್ಲ!”