ಜಿರಳೆ ಪುಡಿಯ ವಿಶೇಷಣ

ಎರಡು ಸಾವಿರ ಲೇಬಲ್ಲುಗಳನ್ನು ಅಚ್ಚು ಮಾಡಿ, ಕತ್ತರಿಸಿ, ಕಟ್ಟು ಕಟ್ಟಿಟ್ಟ ಮೇಲೆ ಪ್ರೆಸ್ಸಿನ ಪ್ರೂಫ್ ರೀಡರನಿಗೆ ತಪ್ಪು ಕಂಡಿತು. ಮಾತಿನ ನಡುವೆ ತಡೆದು ನಿಲ್ಲುವ ಅವನಿಗೆ ಎಲ್ಲರೂ ಇಟ್ಟ ಹೆಸರು ಕಾಮಾ. ಜಿರಳೆ ಪುಡಿಯ ಗಿರಾಕಿ ಬರೆದುಕೊಟ್ಟದ್ದು ‘ಎಫೆಕ್ಟಿವ್’, ಅಚ್ಚಾದದ್ದು ‘ಎಫಿಶಿಯೆಂಟ್’. ಇನ್ನೊಂದು ತಪ್ಪಾದರೆ ಮನೆಯಲ್ಲೇ ಕೂತುಕೋ ಎಂದು ಮಾಲೀಕರು ಕಳೆದ ವಾರವಷ್ಟೇ ಹೇಳಿದ್ದರು.

“ಎರಡೂ ಒಂದೇ ಅಲ್ವೇನೋ?” ಎಂದ ಮಷಿನ್ ಓಡಿಸುವವನು.

“ಹೇಗೆ ಒಂದಾಗುತ್ತೆ?” ಬೈಂಡಿಂಗ್ ಅಕ್ಕ ಅಂಟಿನ ಡಬ್ಬಿ ಕೆಳಗಿಟ್ಟಳು. “ಜಿರಳೆ ಸತ್ರೆ ಎಫೆಕ್ಟಿವ್. ಒಂದೇ ಚಿಟಿಕೆಗೆ ಸತ್ರೆ ಎಫಿಶಿಯೆಂಟ್.”

ಮಷಿನಿನವನು ಡಿಕ್ಷನರಿ ತಿರುವಿದ. “ಎಫಿಕೇಶಿಯಸ್ ಅಂತ ಒಂದಿದೆ. ಅದನ್ನೇ ಹಾಕಿಬಿಡು, ತೂಕವಾಗಿರುತ್ತೆ.”

“ಅದು ಔಷಧಿಗೆ ಹೇಳೋ ಮಾತು,” ಎಂದ ಕಾಮಾ ಅಳುಮೋರೆ ಹಾಕಿಕೊಂಡು. “ಜಿರಳೆಗೆ, ಗುಣ ಆಗ್ಬಾರ್ದು.”

ಕೊನೆಗೆ ‘ಎಫೆಕ್ಟಿವ್’ ಎಂಬ ಚೀಟಿಗಳನ್ನು ಅಚ್ಚು ಹಾಕಿ ಒಂದೊಂದರ ಮೇಲೂ ಅಂಟಿಸುವುದೆಂದಾಯಿತು. ಮೊದಲ ನಲವತ್ತು ತಲೆಕೆಳಗಾದವು. ಒಂದು ಚೀಟಿ ಕಾಮಾನ ಹುಬ್ಬಿಗೆ ಹತ್ತಿ ಅಲ್ಲೇ ಕೂತಿತು. ಫೋನು ಹಸಿದ ಮಗುವಿನ ಹಾಗೆ ಒರಲಿದರೂ ಅಂಟು ಮೆತ್ತಿದ ಕೈಯಲ್ಲಿ ಯಾರೂ ಎತ್ತಲಿಲ್ಲ.

ಸಂಜೆ ಕೊನೆಯ ಚೀಟಿ ಅಂಟುವ ಹೊತ್ತಿಗೆ ಮಾಲೀಕರು ಗಿರಾಕಿಯನ್ನು ಕರೆದುಕೊಂಡೇ ಬಂದರು. ಗಿರಾಕಿ ಲೇಬಲ್ ಓದಿ ತಲೆಯ ಮೇಲೆ ಕೈ ಇಟ್ಟುಕೊಂಡ.

“ಬೆಳಗ್ಗೆಯಿಂದ ಫೋನ್ ಮಾಡ್ತಾನೇ ಇದ್ದೀನಿ. ಎಫೆಕ್ಟಿವ್ ಬೇಡ ಸ್ವಾಮಿ. ಪುಡಿ ತಿಂದ ಜಿರಳೆ ಆರಾಮಾಗಿ ಓಡಾಡ್ಕೊಂಡಿದೆ ಅಂತ ಹಳೇ ಲೇಬಲ್ ನಂಬಿ ಕೊಂಡ ಜನ ಜಗಳಕ್ಕೆ ಬರ್ತಿದಾರೆ. ಎಫಿಶಿಯೆಂಟ್ ಅಂತ ಹಾಕಿ, ಅದನ್ನ ಸಾಬೀತು ಮಾಡು ಅಂತ ಯಾರೂ ಕೇಳಲ್ಲ ಅಂದ್ರು ವಕೀಲರು.”

ಕಾಮಾನಿಗೆ ಹೋದ ಜೀವ ಬಂದಂತಾಯಿತು. “ಸರ್, ಈ ಚೀಟಿ ಕಿತ್ರೆ, ಕೆಳಗೆ, ಅದೇ ಇದೆ.”

“ನೋಡಿ, ನಮ್ಮ ಹುಡುಗನ ಮುಂದಾಲೋಚನೆ,” ಎಂದು ಮಾಲೀಕರು ಬೀಗುತ್ತ ಅವನ ಬೆನ್ನು ತಟ್ಟಿದರು. “ನಾಳೆ ಒಳಗೆ ಎಲ್ಲಾ ಕಿತ್ತಿಡು.”

ಕೀಳುವ ಮಾತು ಕೇಳಿದ್ದೇ ತಡ, ಮಷಿನಿನವನೂ ಅಕ್ಕನೂ ಚೀಲ ಹೆಗಲಿಗೇರಿಸಿ ಜಾರಿಕೊಂಡರು. ಕಾಮಾನಿಗೆ ಅದರ ಬೇಸರವೂ ಆಗಲಿಲ್ಲ. ಕೆಲಸ ಉಳಿದಿತ್ತು, ಹೊಟ್ಟೆ ತಣ್ಣಗಾಗಿತ್ತು. ಶಿಳ್ಳೆ ಹಾಕುತ್ತ ಕೂತು ಮೊದಲ ಚೀಟಿಯ ತುದಿಗೆ ಉಗುರು ಕೊಟ್ಟು ಮೆಲ್ಲಗೆ ಎಳೆದ.

ಚೀಟಿ ಸಲೀಸಾಗಿ ಬಂತು. ಅದರ ಬೆನ್ನಿಗೆ ಅಂಟಿಕೊಂಡು ‘ಎಫಿಶಿಯೆಂಟ್’ ಕೂಡ ಬಂತು.