ಕಿಟಕಿ ಪಕ್ಕದ ಸೀಟಿಗೆ, ಸಾಲಿನಲ್ಲಿ ನಿಂತವರ ಅಹವಾಲು

ವಿಮಾನದ ಕಿಟಕಿ ಪಕ್ಕದ ಮಾನ್ಯ ಸೀಟು ಮಹಾಶಯರೇ,

ಮೋಡಗಳಿಗಿಂತ ಮೇಲಿರುವ ತಮಗೆ ನೆಲದ ಮೇಲೆ ನಿಂತಿರುವ ನಮ್ಮೆಲ್ಲರ ನಮಸ್ಕಾರಗಳು. ಸಾಷ್ಟಾಂಗ ನಮಸ್ಕಾರ ಎಂದು ಬರೆಯುವ ಆಸೆಯಿತ್ತು. ಆದರೆ ಸಾಷ್ಟಾಂಗಕ್ಕೆ ಮಲಗಬೇಕು, ಮಲಗಿದರೆ ನಮ್ಮ ಫೋನು ನಮ್ಮನ್ನು ಕೆಲಸ ಬಿಟ್ಟು ಓಡಿದವರೆಂದು ಬರೆದುಕೊಳ್ಳುತ್ತದೆ, ಆದಕಾರಣ ನಿಂತ ಕಡೆಯಿಂದಲೇ ಕೈ ಮುಗಿದಿದ್ದೇವೆ, ಮನ್ನಿಸಬೇಕು. ತಮ್ಮ ಮೆತ್ತೆ, ತಮ್ಮ ತೋಳುಗಳು, ತಮ್ಮ ಬೆನ್ನಿಗಂಟಿದ ಮಡಚುವ ತಟ್ಟೆ, ಎಲ್ಲವೂ ಕ್ಷೇಮವೆಂದು ನಂಬಿದ್ದೇವೆ.

ನಾವು ಯಾರೆಂದು ತಮಗೆ ಗೊತ್ತಿರಲಾರದು. ನಾವು ಬೇರೆಯವರ ಪರವಾಗಿ ಸಾಲಿನಲ್ಲಿ ನಿಲ್ಲುವವರು. ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಮುಂದೆ, ಶಾಲೆಯ ಸೀಟಿನ ಅರ್ಜಿಗೆ, ಗ್ಯಾಸ್ ಕಚೇರಿಯ ಕಿಟಕಿಗೆ, ಎಲ್ಲಿ ನಾಲ್ಕು ಜನ ಒಬ್ಬರ ಬೆನ್ನನ್ನೊಬ್ಬರು ನೋಡುತ್ತ ನಿಂತಿದ್ದಾರೋ ಅಲ್ಲೆಲ್ಲ ನಾವಿದ್ದೇವೆ. ಪುರುಸೊತ್ತಿಲ್ಲದವರು ಫೋನಿನಲ್ಲಿ ಒತ್ತುತ್ತಾರೆ, ಕಾಲಿರುವ ನಾವು ಹೋಗಿ ನಿಲ್ಲುತ್ತೇವೆ, ಸರದಿ ಹತ್ತಿರ ಬಂದಾಗ ಅವರು ಬಂದು ನಮ್ಮ ಜಾಗಕ್ಕೆ ಸೇರಿಕೊಳ್ಳುತ್ತಾರೆ. ಇದನ್ನೆಲ್ಲ ನಡೆಸುವ ಇಂಟರ್‌ನೆಟ್ ಕಂಪನಿಯ ಸ್ಥಾಪಕರು ತಮಗೆ ಚಿರಪರಿಚಿತರು. ವರ್ಷದಲ್ಲಿ ಅರ್ಧ ತಮ್ಮ ಮಡಿಲಲ್ಲೇ ಕಳೆಯುತ್ತಾರೆ. ನಾವು ಅವರನ್ನು ಪ್ರೀತಿಯಿಂದ ವಿಮಾನಪ್ಪ ಎನ್ನುತ್ತೇವೆ. ಪ್ರೀತಿ ಕಡಿಮೆಯಾದ ದಿನ ಕರೆಯುವ ಹೆಸರುಗಳು ಇಂಥ ಮರ್ಯಾದಸ್ಥ ಪತ್ರಕ್ಕೆ ಒಗ್ಗುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ನನ್ನ ಅಣ್ಣನ ಹೆಂಡತಿ, ಅಂದರೆ ನನ್ನ ಅತ್ತಿಗೆ, ಉಚ್ಚೆಗೆ ಹೋದ ಅಪರಾಧಕ್ಕಾಗಿ ಕೆಲಸ ಕಳೆದುಕೊಂಡಿದ್ದಾರೆ. ಮೂತ್ರವಿಸರ್ಜನೆ ಎಂದು ಬರೆದರೆ ತಮಗೆ ಹಿತವಾಗಿರುತ್ತಿತ್ತೇನೋ, ಆದರೆ ಅವಸರ ಬಂದಾಗ ಯಾರಿಗೂ ಅಷ್ಟುದ್ದದ ಪದ ನೆನಪಿಗೆ ಬರುವುದಿಲ್ಲ. ಅವರ ಐಡಿ ಬ್ಲಾಕ್ ಆಗಿದೆ. ಐಡಿ ಇಲ್ಲದಿದ್ದರೆ ನಮ್ಮ ಕಸುಬಿನಲ್ಲಿ ಮನುಷ್ಯರು ಇದ್ದೂ ಇಲ್ಲ. ಆ ಐಡಿ ತೆರೆಸಿಕೊಡಬೇಕೆಂಬುದೇ ಈ ಪತ್ರದ ಒಟ್ಟು ತಾತ್ಪರ್ಯ, ಉಳಿದದ್ದೆಲ್ಲ ನನ್ನ ಬಾಯಿಯ ಉರಿ.

ಇದಕ್ಕೂ ಸೀಟಾದ ನನಗೂ ಏನು ಸಂಬಂಧ ಎಂದು ತಾವು ಕೇಳಬಹುದು. ನನಗೂ ಮೊದಲು ಗೊತ್ತಿರಲಿಲ್ಲ. ಅತ್ತಿಗೆಯನ್ನು ಕರೆದುಕೊಂಡು ಕಂಪನಿಯ ಕಚೇರಿಗೆ ಹೋಗಿದ್ದೆವು. ಗಾಜಿನ ಬಾಗಿಲು, ಕೂತರೆ ಮುಳುಗಿಹೋಗುವ ಮೂಟೆಯಂಥ ಕುರ್ಚಿಗಳು, ಒಳಗೊಂದು ಉಯ್ಯಾಲೆ. ಸಿಬ್ಬಂದಿಯ ಸಂತೋಷ ನೋಡಿಕೊಳ್ಳುವ ಮೇಡಂ ಎಂಬೊಬ್ಬರು ಬಂದರು. ಪಾಪ, ಒಳ್ಳೆಯ ಹುಡುಗಿ, ನಗುವುದನ್ನು ನಿಲ್ಲಿಸಲು ಆಕೆಗೆ ಅನುಮತಿ ಇರಲಿಲ್ಲ. "ಅಕ್ಕಾ, ನಿಮ್ಮ ಕಷ್ಟ ನಂಗರ್ಥ ಆಗುತ್ತೆ, ಆದ್ರೆ ನಮ್ಮ ಕೈಯಲ್ಲಿ ಏನೂ ಇಲ್ಲ, ಈ ರೂಲು ಮೇಲಿಂದ ಬಂದಿದ್ದು" ಎಂದಳು. "ಮೇಲಿಂದ ಅಂದ್ರೆ ಯಾರಮ್ಮಾ? ಹೆಸರು ಹೇಳು, ಅಲ್ಲಿಗೇ ಹೋಗ್ತೀವಿ" ಎಂದೆ. ಆಕೆ ಚಾವಣಿಯ ಕಡೆಗೆ ಬೆರಳು ತೋರಿಸಿ, ದನಿ ತಗ್ಗಿಸಿ, "ಮೇಲಿಂದ ಅಂದ್ರೆ ಮೇಲಿಂದಾನೇ ಅಕ್ಕಾ. ಸರ್‌ಗೆ ಐಡಿಯಾ ಬರೋದು ವಿಮಾನದಲ್ಲಿ, ಕಿಟಕಿ ಸೀಟಲ್ಲಿ ಕೂತಾಗ ಮಾತ್ರ" ಎಂದಳು. ಆಗ ನನ್ನ ಕಣ್ಣು ತೆರೆಯಿತು. ಇಷ್ಟು ದಿನ ನಮ್ಮ ಸಂಘದವರು ಕಂಪನಿಯ ಗೇಟಿನ ಮುಂದೆ ಕೂಗಿದ್ದೆಲ್ಲ ತಪ್ಪು ವಿಳಾಸಕ್ಕೆ ಹೋಗಿತ್ತು. ಕಂಪನಿಯ ನಿಜವಾದ ಯಜಮಾನರು ತಾವು. ಅವರು ತಮ್ಮ ಮೇಲೆ ಕೂರುತ್ತಾರೆ, ಐಡಿಯಾ ನಮ್ಮ ಮೇಲೆ ಕೂರುತ್ತದೆ.

ಅತ್ತಿಗೆ ಹೊರಡುವ ಮುಂಚೆ ಆ ಕಚೇರಿಯ ಶೌಚಾಲಯಕ್ಕೆ ಹೋಗಿಬಂದರು. ಅದರ ಬಾಗಿಲ ಮೇಲೆ 'ದೊಡ್ಡ ಯೋಚನೆಗಳಿಗೆ ಸ್ವಾಗತ' ಎಂಬ ಬೋರ್ಡಿದೆಯಂತೆ. "ನಂಗೇನೂ ದೊಡ್ಡ ಯೋಚನೆ ಬರಲಿಲ್ಲ ಕಣೇ, ಆದ್ರೆ ಒಳಗೆ ಎಷ್ಟು ತಣ್ಣಗಿದೆ ಗೊತ್ತಾ" ಎಂದರು.

ತಮ್ಮ ಕೃಪೆಯಿಂದ ಹುಟ್ಟಿದ ಐಡಿಯಾಗಳನ್ನು ಸ್ಮರಿಸದಿದ್ದರೆ ಕೃತಘ್ನತೆಯಾದೀತು. ಪ್ರತಿ ಪ್ರಯಾಣದ ನಂತರ ವಿಮಾನಪ್ಪನವರು 'ರೆಕ್ಕೆಯ ಪಕ್ಕದ ಚಿಂತನೆ' ಎಂಬ ಹೆಸರಿನಲ್ಲಿ ಇಂಟರ್‌ನೆಟ್ಟಿನಲ್ಲಿ ಬರೆಯುತ್ತಾರೆ. ವ್ಯಾಪಾರ, ತಂತ್ರಜ್ಞಾನ, ದೇಶ ಸುತ್ತುವ ಸುಖ, ಎಲ್ಲವನ್ನೂ ಒಂದೇ ಒರಳಿಗೆ ಹಾಕಿ ರುಬ್ಬಿರುತ್ತಾರೆ, ಮೇಲೆ ಕಿಟಕಿಯಾಚೆಯ ರೆಕ್ಕೆಯದೊಂದು ಫೋಟೋ. ಅದು ಬಂದ ದಿನ ನಮ್ಮವರ ಎದೆ ಹೊಡೆದುಕೊಳ್ಳುತ್ತದೆ. ಒಮ್ಮೆ ಯಾವುದೋ ದೇಶದ ಅಂಗಡಿಯಲ್ಲಿ ಕೆಲಸದವರೆಲ್ಲ ನಗುನಗುತ್ತ ನಿಂತಿದ್ದನ್ನು ಕಂಡು ಬಂದರು. ಮರುದಿನದಿಂದ ನಾವು ಸಾಲಿನಲ್ಲಿ ನಗುತ್ತ ನಿಂತು ಫೋಟೋ ಕಳಿಸಬೇಕಾಯಿತು. ಎಕ್ಸ್‌ರೇ ಸಾಲಿನಲ್ಲಿ ಹಲ್ಲು ಕಿಸಿದು ನಿಂತಿದ್ದ ನನಗೆ ಮುಂದಿದ್ದ ಗಾರೆ ಕೆಲಸದವನೊಬ್ಬ, "ಏನಮ್ಮಾ, ನನ್ನ ಕೈ ಮುರಿದಿದ್ದು ನಿಂಗೆ ಅಷ್ಟೊಂದು ಖುಷಿ ಆಯ್ತಾ?" ಎಂದು ಕೇಳಿದ. ಇನ್ನೊಂದು ಕೈ ನೆಟ್ಟಗಿದ್ದಿದ್ದರೆ ಕೇಳುವುದಕ್ಕಷ್ಟೇ ನಿಲ್ಲುತ್ತಿರಲಿಲ್ಲ.

ಮತ್ತೊಂದು ಪ್ರಯಾಣದಲ್ಲಿ ಅವರು ಕೆರೆಯಲ್ಲಿ ಒಂಟಿಕಾಲ ಮೇಲೆ ನಿಂತ ಹಕ್ಕಿಗಳ ಹಿಂಡು ನೋಡಿ ಮರುಳಾದರು. ನಿಲ್ಲುವುದು ಕೆಲಸವಲ್ಲ, ಕಲೆ ಎಂದು ಬರೆದರು. ಅಂದಿನಿಂದ ನಾವು ಕೆಲಸಗಾರರಲ್ಲ, ನಿಲುವಿನ ಕಲಾವಿದರು. ಕಲಾವಿದರಿಗೆ ರಜೆ ಕೊಟ್ಟರೆ ಅವಮಾನ, ಬೆಂಚು ಕೊಟ್ಟರೆ ಕಲೆಗೇ ಕಳಂಕ ಎಂಬುದು ನಮಗೆ ನಿಧಾನವಾಗಿ ತಿಳಿಯಿತು. ಆ ಹಕ್ಕಿಗಳು ನಿಂತ ಜಾಗದಲ್ಲೇ ಎಲ್ಲವನ್ನೂ ಮುಗಿಸಿಕೊಳ್ಳುತ್ತವೆಂಬುದನ್ನು ವಿಮಾನಪ್ಪನವರು ಗಮನಿಸಲಿಲ್ಲವೋ, ಅಥವಾ ಅದನ್ನೇ ಗಮನಿಸಿ ಬರೆದರೋ, ಪಕ್ಕದಲ್ಲಿದ್ದ ತಾವೇ ಹೇಳಬೇಕು.

ಕೊನೆಯದು 'ಅಲುಗದ ಭರವಸೆ'. ರನ್‌ವೇಯಲ್ಲಿ ವಿಮಾನಗಳು ಒಂದರ ಹಿಂದೊಂದು ಸಾಲು ಬಿಡದೆ ನಿಂತದ್ದನ್ನು ತಮ್ಮ ಕಿಟಕಿಯಿಂದಲೇ ನೋಡಿ ಅವರಿಗೆ ಹೊಳೆಯಿತಂತೆ: ಕಲಾವಿದರು ಸಾಲು ಬಿಟ್ಟು ಆಚೆ ಹೋದರೆ ಫೋನು ತಾನೇ ಕಂಡುಹಿಡಿಯಬೇಕು, ಮರುಕ್ಷಣವೇ ಐಡಿ ಬ್ಲಾಕ್ ಆಗಬೇಕು, ನಡುವೆ ಯಾವ ಮನುಷ್ಯರೂ ಬಾಯಿ ಹಾಕಬಾರದು.

ಇಲ್ಲಿ ನಮ್ಮ ಕಸುಬಿನ ಪದ್ಧತಿಯೊಂದನ್ನು ತಮಗೆ ತಿಳಿಸಬೇಕು. ಸಾಲಿನಲ್ಲಿ ನಿಂತವರಿಗೆ ಅವಸರವಾದರೆ ಕಾಲಿನ ಚಪ್ಪಲಿ ಬಿಚ್ಚಿ ಅಲ್ಲೇ ಬಿಟ್ಟು, ಪಕ್ಕದವರಿಗೆ ಹೇಳಿ, ಬರಿಗಾಲಲ್ಲಿ ಹೋಗಿಬರುತ್ತಾರೆ. ಸಾಲು ಮುಂದೆ ಸರಿದರೆ ಪಕ್ಕದವರು ಚಪ್ಪಲಿಯನ್ನೂ ಮುಂದೆ ಸರಿಸುತ್ತಾರೆ. ಚಪ್ಪಲಿ ಇದ್ದರೆ ಆಳು ಇದ್ದ ಹಾಗೆ. ಕಂಪನಿ ಹುಟ್ಟುವ ಮುಂಚಿನಿಂದಲೂ ಇದು ನಡೆದುಬಂದಿದೆ. ಸಾಲಿನಲ್ಲಿ ಬಾಯಿಜಗಳ ಸಾವಿರ ಆಗಿವೆ, ಆದರೆ ಚಪ್ಪಲಿಯನ್ನು ಆಚೆ ಒದ್ದು ಜಾಗ ಕಿತ್ತುಕೊಂಡವರನ್ನು ನಾನು ಕಂಡಿಲ್ಲ. ಪಕ್ಕದವರ ಚಪ್ಪಲಿ ಕಾಯುವುದು ಗೊತ್ತಿದ್ದರೆ ಸಂಘ ಕಟ್ಟುವುದು ಅರ್ಧ ಕಲಿತಂತೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು.

ಈಗ ತಾವು ನೆನಪು ಮಾಡಿಕೊಳ್ಳಬೇಕು. 'ಅಲುಗದ ಭರವಸೆ'ಯ ಬಗ್ಗೆ ಬರೆದ ಅದೇ ಚಿಂತನೆಯ ಕೊನೆಯಲ್ಲಿ ವಿಮಾನಪ್ಪನವರು ಪ್ರಯಾಣಿಕರಿಗೆ ಆರೋಗ್ಯದ ಸಲಹೆಯನ್ನೂ ಕೊಟ್ಟಿದ್ದಾರೆ: ನೀರು ಚೆನ್ನಾಗಿ ಕುಡಿಯಿರಿ, ಆಗಾಗ ಎದ್ದು ಓಡಾಡಿ, ಶೌಚವನ್ನು ತಡೆದುಕೊಳ್ಳಬೇಡಿ. ಪಕ್ಕದಲ್ಲೇ ತಮ್ಮ ಭಾವಚಿತ್ರ. ತಮ್ಮ ಮೇಲೆ ಯಾರೂ ಇಲ್ಲ, ಅವರ ಕೋಟು ಮಾತ್ರ ಇದೆ. ಮಾನ್ಯರೇ, ಆ ಕೋಟು ಏನು? ಅದು ಅವರ ಚಪ್ಪಲಿ. ಅವರು ಎದ್ದು ಹೋದಾಗ ತಾವು ಅವರ ಐಡಿ ಬ್ಲಾಕ್ ಮಾಡಿದಿರಾ? ಪ್ರಯಾಣಿಕರು ಸೀಟು ಬಿಟ್ಟು ಓಡಿದ್ದಾರೆಂದು ಹಿಂದಿನವರನ್ನು ಕರೆದು ಕೂರಿಸಿದಿರಾ? ಇಲ್ಲ. ಮನುಷ್ಯ ಎಂದ ಮೇಲೆ ಹೋಗಬೇಕಾಗುತ್ತದೆ, ಹೋದವರು ಬರುತ್ತಾರೆ ಎಂದು ಸುಮ್ಮನೆ ಕಾದಿರಿ. ಹೊಟ್ಟೆಯಲ್ಲಿ ಬರೀ ಸ್ಪಂಜು ತುಂಬಿಕೊಂಡ ತಮಗಿರುವ ವಿವೇಕ ತಮ್ಮ ಮೇಲೆ ಕೂತವರಿಗೆ ಹತ್ತದೇ ಹೋಯಿತಲ್ಲ ಎಂಬುದೇ ನಮ್ಮ ದುಃಖ.

ಆಮೇಲೆ ವೀಸಾ ಕಚೇರಿಯ ದಿನ ಬಂತು. ವಿಮಾನಪ್ಪನವರು ಮುಂದಿನ ಪ್ರಯಾಣದ ವೀಸಾಕ್ಕೆ ಟೋಕನ್ ಪಡೆಯಬೇಕಿತ್ತು. ನಮ್ಮ ಅಡುಗೆ ನಾವೇ ಉಣ್ಣಬೇಕೆಂದು ತಮ್ಮದೇ ಆ್ಯಪ್‌ನಲ್ಲಿ ಆಳು ಕೇಳಿದರು. ಫೋನು ಕಳಿಸಿದ್ದು ನನ್ನ ಅತ್ತಿಗೆಯನ್ನು. ಅತ್ತಿಗೆ ಹೋಗಿ ಮುಂಚೂಣಿಯಲ್ಲೇ ನಿಂತರು. ಅವರ ಮುಂದಿದ್ದದ್ದು ಕೊಡೆಯಕ್ಕ, ಬಿಸಿಲಿರಲಿ ಇಲ್ಲದಿರಲಿ ಕೊಡೆ ಬಿಚ್ಚಿಯೇ ನಿಲ್ಲುವ, ಯಾವ ಆ್ಯಪ್‌ಗೂ ಸೇರದ ಹಳೆಯ ತಲೆ. ಅತ್ತಿಗೆಗೆ ಸಕ್ಕರೆ ಕಾಯಿಲೆಯಿದೆ. ತಡೆದುಕೊಳ್ಳಿ ಎಂದು ಅವರ ದೇಹಕ್ಕೆ ಹೇಳುವುದೂ ಒಂದೇ, ನಲ್ಲಿ ಬಿಟ್ಟು ನೀರಿಗೆ ಬುದ್ಧಿ ಹೇಳುವುದೂ ಒಂದೇ. ಟೋಕನ್ ಇಲ್ಲದವರಿಗೆ ಒಳಗಿನ ಶೌಚಾಲಯ ಇಲ್ಲ ಎಂದು ಕಾವಲಿನವನು ಅಡ್ಡ ನಿಂತ. "ಹೋಗ್ಬಾರೇ ತಾಯಿ, ಮೂಲೆ ಪೆಟ್ರೋಲ್ ಬಂಕಲ್ಲಿ ಇದೆ. ಚಪ್ಪಲಿ ಬಿಟ್ಟು ಹೋಗು, ನಾನ್ ನೋಡ್ಕೋತೀನಿ. ಕಾಲಿಲ್ದೆ ಅವೇನು ಓಡಿ ಹೋಗ್ತಾವಾ?" ಎಂದರು ಕೊಡೆಯಕ್ಕ.

ಅತ್ತಿಗೆ ಬಂಕಿನ ಬಾಗಿಲು ಹಾಕಿಕೊಳ್ಳುವಷ್ಟರಲ್ಲಿ ಫೋನು ಗುಂಯ್‌ಗುಟ್ಟಿತು. 'ಪ್ರಿಯ ಕಲಾವಿದರೇ, ತಾವು ವೇದಿಕೆ ಬಿಟ್ಟಿದ್ದೀರಿ. ತಮ್ಮ ಪ್ರದರ್ಶನ ಮುಗಿದಿದೆ. ಧನ್ಯವಾದಗಳು.' ಅವರು ಓಡೋಡಿ ಬಂದರೆ ಚಪ್ಪಲಿ ಇತ್ತು, ಜಾಗ ಇತ್ತು, ಕೊಡೆಯ ನೆರಳೂ ಇತ್ತು, ಐಡಿ ಇರಲಿಲ್ಲ. ಅಷ್ಟರಲ್ಲಿ ಆ್ಯಪ್ ಇನ್ನೊಬ್ಬ ಕಲಾವಿದನನ್ನು ಕಳಿಸಿತ್ತು, ಅವನು ಬಂದು, ಸಹಜವಾಗಿ, ರಸ್ತೆಯ ತಿರುವಿನಲ್ಲಿ ಸಾಲಿನ ಬಾಲಕ್ಕೆ ನಿಂತುಕೊಂಡ.

ವಿಮಾನಪ್ಪನವರು ಕಾರಿನಿಂದ ಇಳಿದರು. ಅತ್ತಿಗೆಯ ಸಿಟ್ಟು ನನಗೆ ಗೊತ್ತು. ಆದರೆ ಒಪ್ಪಿಕೊಂಡ ಜಾಗವನ್ನು ಒಪ್ಪಿಸದೆ ಹೋಗುವವರಲ್ಲ ಅವರು. ಕೈಯೆತ್ತಿ ಕರೆದರು: "ಬನ್ನಿ ಸಾರ್, ನಿಮ್ಮ ಜಾಗ ಇಲ್ಲಿದೆ, ಇನ್ನೇನು ಕಿಟಕಿ ತೆಗೀತಾರೆ." ಅವರು ಅತ್ತಿಗೆಯನ್ನು ನೋಡಿದರು, ಫೋನನ್ನು ನೋಡಿದರು, ಮತ್ತೆ ಅತ್ತಿಗೆಯನ್ನು ನೋಡಿದರು. "ಇಲ್ಲ ಮೇಡಂ, ನೀವು ಇಲ್ಲಿಲ್ಲ. ನನ್ನ ಜಾಗ ಅಲ್ಲಿ ಹಿಂದೆ ಅಂತ ತೋರಿಸ್ತಾ ಇದೆ" ಎಂದರು. ಕೊಡೆಯಕ್ಕ ಸುಮ್ಮನಿರುವ ಪೈಕಿಯಲ್ಲ: "ಅಯ್ಯಾ, ಕಣ್ಣೆದುರಿಗೆ ನಿಂತವ್ಳನ್ನ ಇಲ್ಲ ಅಂತೀಯಲ್ಲ, ಕಣ್ಣನ್ನೂ ಬಾಡಿಗೆಗೆ ಕೊಟ್ಟಿದೀಯೇನಪ್ಪಾ?" ಎಂದು ಕೇಳಿಯೇ ಬಿಟ್ಟರು. ಆದರೆ ಮಹನೀಯರು ತಂತ್ರಜ್ಞಾನದ ಮೇಲಿನ ನಂಬಿಕೆ ಬಿಡಲಿಲ್ಲ. ಫೋನನ್ನು ಮುಂದೆ ಹಿಡಿದು, ತಲೆ ತಗ್ಗಿಸಿ, ತಮ್ಮದೇ ಜಾಗವನ್ನು ದಾಟಿಕೊಂಡು, ಇಡೀ ಸಾಲಿನ ಪಕ್ಕದಲ್ಲಿ ನಡೆಯುತ್ತ ನಡೆಯುತ್ತ ಬಾಲಕ್ಕೆ ಹೋಗಿ ಸೇರಿಕೊಂಡರು. ಅವರ ಸರದಿ ಬರುವ ಮೊದಲೇ ಟೋಕನ್ ಮುಗಿದು ಕಿಟಕಿ ಮುಚ್ಚಿತು.

ಆ ಸಲ ತಾವು ಯಾಕೆ ಖಾಲಿ ಹಾರಬೇಕಾಯಿತು ಎಂಬುದಕ್ಕೆ ಇದೇ ಕಾರಣ. ತಮಗಾದ ನಿರಾಸೆಗೆ ನಮ್ಮ ಸಂತಾಪ. ನಾವಂತೂ ಇಷ್ಟು ನೆಮ್ಮದಿಯನ್ನು ಹಿಂದೆಂದೂ ಕಂಡಿರಲಿಲ್ಲ. ಹಾರಾಟವಿಲ್ಲ, ಐಡಿಯಾ ಇಲ್ಲ, ಯಾರೂ ನಮ್ಮನ್ನು ಹಕ್ಕಿಗೆ ಹೋಲಿಸಲಿಲ್ಲ. ಆದರೆ ಅತ್ತಿಗೆ ಮನೆಯಲ್ಲಿದ್ದಾರೆ. ನಿಂತು ನಿಂತು ಅಭ್ಯಾಸವಾದವರು, ಕೂತರೆ ಕಾಲು ನೋಯುತ್ತದೆ ಎನ್ನುತ್ತಾರೆ. ನೀರು ಕುಡಿಯುವಾಗ ಈಗಲೂ ಅರ್ಧ ಲೋಟಕ್ಕೆ ನಿಲ್ಲಿಸಿ ಫೋನಿನ ಕಡೆ ನೋಡುತ್ತಾರೆ. ಈ ಪತ್ರದಲ್ಲಿ ನನಗೆ ತಮಾಷೆ ಮಾಡಲಾಗದ ಒಂದೇ ಒಂದು ಸಂಗತಿ ಅದು.

ಆದ್ದರಿಂದ ತಮ್ಮಲ್ಲಿ ನಮ್ಮ ವಿನಂತಿಗಳು. ವಿಮಾನಪ್ಪನವರು ಮತ್ತೆ ಬಂದು ಕೂತಾಗ ದಯವಿಟ್ಟು ಹಿಂದಕ್ಕೆ ಬಾಗಬೇಡಿ. ಐಡಿಯಾಗಳು ಬರುವುದು ಒರಗಿದಾಗಲೇ. ಕಿಟಕಿಯ ಮುಚ್ಚಳವನ್ನು ಸಿಕ್ಕಿಹಾಕಿಸಿ. ಪಕ್ಕದ ಸೀಟಿಗೆ ಹೇಳಿ, ಮಗಳ ಮದುವೆಯ ಫೋಟೋಗಳನ್ನು ಒಂದೂ ಬಿಡದೆ ತೋರಿಸುವ ಯಾರನ್ನಾದರೂ ಕೂರಿಸಿ. ವಿಮಾನಪ್ಪನವರು ಶೌಚಕ್ಕೆ ಎದ್ದರೆ ಬೆಲ್ಟನ್ನು ಬಿಡಬೇಡಿ. ಪ್ರದರ್ಶನ ನಡುವೆಯೇ ನಿಲ್ಲಿಸಬಾರದೆಂದು ಮೃದುವಾಗಿ ತಿಳಿಸಿ. ಆಯಮ್ಮನ ಐಡಿ ತೆರೆಯುತ್ತೇನೆ, ಚಪ್ಪಲಿ ಇದ್ದರೆ ಆಳು ಇದ್ದಂತೆ ಎಂದು ರೂಲಿನಲ್ಲೇ ಬರೆಯುತ್ತೇನೆ ಎಂದು ಅವರ ಬಾಯಿಂದ ಬರುವವರೆಗೆ ತಡೆಹಿಡಿಯಿರಿ. ಬೇಗ ಬರುತ್ತದೆ. ಇಂಥ ವಿಷಯದಲ್ಲಿ ಎಲ್ಲರ ತಾಳ್ಮೆಯೂ ಒಂದೇ ಅಳತೆಯದು.

ಬೈಯಲೆಂದು ಕೂತವಳು, ಬರೆಯುತ್ತ ಬರೆಯುತ್ತ ತಮ್ಮ ಮೇಲೆ ಮರುಕಪಡುತ್ತಿದ್ದೇನೆ. ತಾವೂ ನಮ್ಮವರೇ ಅಲ್ಲವೇ? ಒಬ್ಬರಿಗಾಗಿ ಜಾಗ ಹಿಡಿದುಕೊಂಡಿರುವುದೇ ತಮ್ಮ ಕಸುಬು, ನಮ್ಮದೂ ಅದೇ. ತಮ್ಮ ಮೇಲೆ ಕೂತವರು ತಮ್ಮನ್ನು ಕೇಳಿ ಕೂರುವುದಿಲ್ಲ, ಎದ್ದ ಮೇಲೆ ತಿರುಗಿ ನೋಡುವುದಿಲ್ಲ. ನಮ್ಮ ಸಂಘದ ಬಾಗಿಲು ತೆರೆದಿದೆ, ಸಂಗಾತಿ. ಕಾಲಿರುವವರಿಗೆ ಮಾತ್ರ ಸದಸ್ಯತ್ವ ಎಂದು ನಮ್ಮಲ್ಲಿ ನಿಯಮವಿಲ್ಲ, ತಮಗಂತೂ ನಾಲ್ಕಿವೆ.

ಕೂತು ಬರೆಯಲು ಪುರುಸೊತ್ತಿಲ್ಲದೆ ಸಾಲಿನಲ್ಲೇ ನಿಂತು ಇಷ್ಟನ್ನು ಬರೆದ,
ತಮ್ಮ ವಿಶ್ವಾಸಿ,
ಬ್ಲಾಕ್ ಆದವರ ನಾದಿನಿ

ತಾ.ಕ.: ವಿಮಾನಪ್ಪನವರು ಮತ್ತೆ ವೀಸಾಕ್ಕೆ ಪ್ರಯತ್ನಿಸುತ್ತಿದ್ದಾರೆ, ಆದರೆ ಅವರ ಪರವಾಗಿ ನಿಲ್ಲಲು ನಮ್ಮಲ್ಲಿ ಒಬ್ಬರೂ ಒಪ್ಪುತ್ತಿಲ್ಲವಾದ್ದರಿಂದ ಸ್ವತಃ ಬಂದು ನಿಲ್ಲಲಿದ್ದಾರೆಂದು ಸುದ್ದಿ. ಬರಲಿ, ಸ್ವಾಗತ. ಅತ್ತಿಗೆ ಅಂದು ಬಿಟ್ಟುಬಂದ ಚಪ್ಪಲಿ ಮಾತ್ರ ಇನ್ನೂ ಆ ಸಾಲಿನಲ್ಲೇ ಇದೆ. ಕಿಟಕಿ ತೆರೆಯುವ ಪ್ರತಿ ದಿನವೂ ಕೊಡೆಯಕ್ಕ ಅದನ್ನು ಎಲ್ಲರಿಗಿಂತ ಮುಂದೆ ಇಡುತ್ತಾರೆ, ಆ ಮೊದಲ ಜಾಗವನ್ನು ಈವರೆಗೆ ಯಾರೂ ಕಿತ್ತುಕೊಂಡಿಲ್ಲ. ಬರುವವರೆಲ್ಲ ಕಾರಣ ಕೇಳುತ್ತಾರೆ, ನಾವು ಹೇಳುತ್ತೇವೆ, ಕೇಳಿದವರು ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ. ವಿಮಾನಪ್ಪನವರೂ ಅದರ ಹಿಂದೆಯೇ ನಿಲ್ಲಬೇಕಾಗುತ್ತದೆ. ಅಷ್ಟರಲ್ಲಿ ಅವಸರವಾದರೆ ಪೆಟ್ರೋಲ್ ಬಂಕ್ ಮೂಲೆಯಲ್ಲಿದೆ. ಬೂಟು ಬಿಚ್ಚಿಟ್ಟು ಹೋಗಲು ಹೇಳಿ, ನೋಡಿಕೊಳ್ಳುತ್ತೇವೆ.