ನನ್ನ ಯಂತ್ರ, ಚಿಗವ್ವನ ವಹಿ

ನಮ್ಮ ಚಿಗವ್ವನಿಗೆ ಯಾರ ಬಾಯಿಯ ಮೇಲೂ ನಂಬಿಕೆಯಿಲ್ಲ. ಕೈಯ ಮೇಲೆ ಮಾತ್ರ ನಂಬಿಕೆ! ನೀವು ಅವಳ ಮನೆಯಲ್ಲಿ ಉಪ್ಪಿಟ್ಟು ತಿಂದು "ಭಾಳ ಛಲೋ ಆಗೇತ್ರಿ" ಎಂದು ಹೊಗಳಿದರೆ ಅವಳೇನೂ ಉಬ್ಬುವುದಿಲ್ಲ. ನಿಮ್ಮ ಬೆರಳು ಉಪ್ಪಿನಕಾಯಿಯ ಕಡೆ ಎಷ್ಟು ಸಲ ಹೋಯಿತೆಂದು ಆಗಲೇ ನೋಡಿರುತ್ತಾಳೆ. ನೀವು ಗೇಟು ದಾಟುವ ಮೊದಲೇ ಒಳಗೆ ಉಪ್ಪಿನ ಡಬ್ಬಿ ತೆರೆದಿರುತ್ತದೆ. ಇಂಥವಳ ಎದುರು ಅವಳ ಗಂಡ, ನಮ್ಮ ಕಾಕಾ, ಇಷ್ಟು ವರ್ಷ ಊಟ ಮಾಡಿದ್ದು ಹೇಗೋ, ದೇವರೇ ಬಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ದೇಶಪಾಂಡೆ ನಗರದ ಸಣ್ಣ ಕಂಪನಿಯೊಂದರಲ್ಲಿ ನಾನು ಪ್ರೋಗ್ರಾಂ ಬರೆಯುತ್ತಿದ್ದೆ. ಊರಿನ ಒಂದು ಆಸ್ಪತ್ರೆಗೆ ಚೀಟಿ ಕೊಡುವ ಯಂತ್ರ ಮಾಡಿದ್ದೆವು. ಪರದೆಯ ಮೇಲೆ ರೋಗಗಳ ಪಟ್ಟಿ ಬರುತ್ತದೆ. ರೋಗಿ ತನ್ನ ತೊಂದರೆಯ ಮೇಲೆ ಬೆರಳೊತ್ತಿದರೆ ಯಾವ ಡಾಕ್ಟರು, ಎಷ್ಟನೇ ನಂಬರು ಎಂಬ ಚೀಟಿ ಹೊರಬೀಳುತ್ತದೆ. ಬಾಗಿಲಲ್ಲಿ ನಿಂತವರಿಗೂ ಓದಲು ಬರಬೇಕು, ಅಷ್ಟು ದಪ್ಪ ಅಕ್ಷರ ಇಟ್ಟಿದ್ದೆ. ಒಂದು ತಿಂಗಳು ಪರೀಕ್ಷೆ, ಜನ ಮೆಚ್ಚಿದರೆ ಆಸ್ಪತ್ರೆಯವರು ಕೊಳ್ಳುತ್ತಾರೆ, ನನ್ನ ನೌಕರಿ ಕಾಯಂ ಆಗುತ್ತದೆ. ಜನರನ್ನು ಕೇಳಿ ಫಾರಂ ತುಂಬಲು ಯಾರಾದರೂ ಬೇಕು ಎಂದರು ಕಂಪನಿಯ ಮಾಲಕರು. ಸಾಲೆಯ ನೌಕರಿಯಿಂದ ನಿವೃತ್ತಳಾಗಿ ಮನೆಯಲ್ಲಿದ್ದ ಚಿಗವ್ವನ ಹೆಸರನ್ನು ನಾನೇ ಹೇಳಿದೆ. ವಿನಾಶಕಾಲೇ ವಿಪರೀತ ಬುದ್ಧಿ ಎಂದರೆ ಇದೇ ಅಲ್ಲವೇ?

ಫಾರಂನಲ್ಲಿ ಮೂರು ಉತ್ತರಗಳಿದ್ದವು: ತುಂಬಾ ಸುಲಭ, ಸುಲಭ, ಕಷ್ಟ. ಮೊದಲ ದಿನ ಸಿಕ್ಕವರೆಲ್ಲ 'ತುಂಬಾ ಸುಲಭ' ಎಂದರು. ನಾನು ಹಿಗ್ಗಿಬಿಟ್ಟೆ. ಆದರೆ ಮುಗದ ಎಂಬ ಹಳ್ಳಿಯಿಂದ ಬಂದ ಒಬ್ಬ ರೈತ ಇನ್ನೂ ಯಂತ್ರದ ಹತ್ತಿರವೇ ಹೋಗಿರಲಿಲ್ಲ. ಮುಟ್ಟದೇ ಹೇಗೆ ಗೊತ್ತಾಯಿತೆಂದು ಚಿಗವ್ವ ವಿಚಾರಿಸಿದಳು.

"ಪಾಪ, ನೀವು ಬಿಸಲಾಗ ನಿಂತು ಕೇಳಾಕತ್ತೀರಿ. ಕಷ್ಟ ಐತಿ ಅಂತ ಹೆಂಗ ಅನ್ನೂದ್ರಿ ಅವ್ವಾರ?"

ಅಂದೇ ಚಿಗವ್ವ ಫಾರಂಗಳನ್ನು ಕಟ್ಟಿಟ್ಟು, ಅಂಗಡಿಯಿಂದ ಇನ್ನೂರು ಪುಟದ ಬರೆಯುವ ವಹಿ ತಂದಳು. ಮರುದಿನದಿಂದ ಯಾರನ್ನೂ ಏನೂ ಕೇಳಲಿಲ್ಲ. ರೋಗಿಗಳ ಬೆಂಚಿನ ಮೇಲೆ ಕೂತು ಸುಮ್ಮನೆ ನೋಡುವುದು, ಬರೆಯುವುದು. ಮೂರು ದಿನದಿಂದ ಈ ಹೆಣ್ಣುಮಗಳನ್ನು ಯಾರೂ ವಿಚಾರಿಸಿಲ್ಲವಲ್ಲ ಎಂದು ನರ್ಸಮ್ಮನಿಗೆ ಕನಿಕರ ಉಕ್ಕಿ, ಅವಳನ್ನು ಎಳೆದುಕೊಂಡು ಹೋಗಿ ಡಾಕ್ಟರ ಮುಂದೆ ಕೂರಿಸಿದಳು. ಮರ್ಯಾದೆ ಉಳಿಸಿಕೊಳ್ಳಲು ಚಿಗವ್ವ ಮೊಣಕಾಲು ನೋವು ಎಂದಳಂತೆ. ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದಳು! ನಾನು ಹೊಟ್ಟೆ ಹಿಡಿದು ನಕ್ಕೆ. ಕಾಲು ಹಗುರವಾಗಿದೆ, ನೀನು ಸುಮ್ಮನಿರು ಎಂದು ಗದರಿದಳು.

ವಹಿಯಲ್ಲಿ ಇರುತ್ತಿದ್ದುದೇನು? ಒಂದು ಪುಟದಲ್ಲಿ ಹೀಗಿತ್ತು: 'ಗಂಡಸು. ಒತ್ತಿದ್ದು ಜ್ವರ. ಬೆಂಚು ಖಾಲಿ ಇದ್ದರೂ ಒಂದು ತಾಸು ಕೂಡಲಿಲ್ಲ.' ನನ್ನ ಪಟ್ಟಿಯಲ್ಲಿ ಮೂಲವ್ಯಾಧಿ ಎಂದು ಅಂಗಡಿಯ ಬೋರ್ಡಿನಂತೆ ಬರೆದಿತ್ತು. ಬೆನ್ನ ಹಿಂದೆ ಪಾಳಿ ನಿಂತಿರುವಾಗ ಅದನ್ನು ಒತ್ತುವ ಧೀರ ಯಾರು? ಮುಂದಿನ ಪುಟಗಳ ತುಂಬ ಹೆಂಗಸರು. 'ಬಂದಳು. ಬೆರಳೆತ್ತಿದಳು. ಹಿಂದೆ ನೋಡಿದಳು. ಹೋದಳು.' ಪುಟದ ಮೇಲೆ ಪುಟ, ಅದೇ ನಾಲ್ಕು ಮಾತು. ನಾನು ಬೇಸತ್ತು ಓದುವುದನ್ನೇ ಬಿಟ್ಟೆ.

ತಿಂಗಳು ಮುಗಿಯಿತು. ಮಾಲಕರು ಅಷ್ಟರಲ್ಲಿ ಬೇರೆಯವರಿಂದ ಫಾರಂ ತುಂಬಿಸಿದ್ದರು. ಎಲ್ಲದರಲ್ಲೂ 'ತುಂಬಾ ಸುಲಭ'. ಮರುದಿನ ಆಸ್ಪತ್ರೆಯವರು ಸಹಿ ಹಾಕುವವರಿದ್ದರು. ಚಿಗವ್ವ ನನ್ನ ಟೇಬಲ್ಲಿಗೆ ಬಂದು, ಪರದೆಯಿಂದ ಆ ಪಟ್ಟಿ ತೆಗೆ, ಬರೀ ನಂಬರು ಕೊಡು ಎಂದಳು. ನನಗೆ ಸಿಟ್ಟು ಬಂತು.

"ನನ್ನ ನೌಕರಿಗೆ ಕಲ್ಲು ಹಾಕಬ್ಯಾಡ ಚಿಗವ್ವಾ. ಇಷ್ಟು ಮಂದಿ ಛಲೋ ಅಂದಾರ, ನಿನಗೊಬ್ಬಾಕಿಗೆ ಏನಾಗೇತಿ?"

ಅವಳು ವಹಿ ತೆರೆದು ಒಂದು ಪುಟ ನನ್ನ ಮುಂದಿಟ್ಟಳು.

'ಅಕ್ಕ ಬಂದಳು. ಬೆರಳೆತ್ತಿದಳು. ಹಿಂದೆ ನೋಡಿದಳು. ಹೋದಳು.'

ಚಿಗವ್ವನಿಗೆ ಇರುವುದು ಒಬ್ಬಳೇ ಅಕ್ಕ. ನನ್ನ ಅವ್ವ.

ಕೆಳಗೆ ಇನ್ನೂ ಇತ್ತು: 'ಗೇಟಿನ ಹತ್ತಿರ ಹಿಡಿದೆ. ಕೈ ಹಿಡಿದು ಒಳಗೆ ಕರೆತಂದೆ. ಲೇಡಿ ಡಾಕ್ಟರು ನೋಡಿದರು. ಆರು ತಿಂಗಳಿಂದ ಇತ್ತಂತೆ. ಗುಣವಾಗುತ್ತದಂತೆ.'

"ನಿನಗ ಹೇಳಬಾರದು ಅಂತ ಅಕ್ಕ ಆಣಿ ಮಾಡಿಸ್ಯಾಳ," ಎಂದಳು ಚಿಗವ್ವ. "ನಾ ಹೇಳಿಲ್ಲ. ನೀ ಓದಿದಿ."

ಪಟ್ಟಿಯನ್ನು ಅಳಿಸಿಯೇ ಎದ್ದೆ. ಮಾಲಕರು ಕೂಗಾಡಿದರು. ನೌಕರಿ ಉಳಿಯುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಅದರ ಚಿಂತೆಯೂ ಆಗಲಿಲ್ಲ. ಮನೆಗೆ ಬಂದರೆ ಅವ್ವ ಪಡಸಾಲೆಯಲ್ಲಿ ಮೆಂತ್ಯದ ಸೊಪ್ಪಿನ ಕಟ್ಟು ಬಿಚ್ಚಿ ಪಲ್ಲೆ ಸೋಸುತ್ತಿದ್ದಳು, ಎಲೆ ಬುಟ್ಟಿಗೆ, ಕಡ್ಡಿ ಕಸಕ್ಕೆ. ಎದುರು ಕೂತು, ಆಸ್ಪತ್ರೆಗೆ ಬಂದವಳು ಯಾಕೆ ಹಾಗೇ ಹೊರಟುಹೋದೆ ಎಂದು ಕೇಳಿದೆ. ಅವಳು ತಲೆ ಎತ್ತಲಿಲ್ಲ.

"ಹಿಂದ ನಿಂತ ಮಂದಿ ಎಲ್ಲಾ ಓದಾಕತ್ತಿದ್ರಪಾ. ಇದನ್ನ ನನ್ನ ಮಗಾ ಮಾಡ್ಯಾನ ಅಂತ ಅವರಿಗೆ ಹೇಳಬೇಕು ಅನಿಸಿತು. ಹೇಳಿದ್ರ, ನೀವ ಮೊದಲ ಒತ್ತಿ ತೋರಸ್ರಿ ಅಂತಿದ್ರು. ಅದಕ್ಕ ಸುಮ್ನ ಬಂದುಬಿಟ್ಟೆ."

ನನಗೆ ಅಳು ತಡೆಯಲಾಗಲಿಲ್ಲ. ಅದನ್ನು ಮುಚ್ಚಿಕೊಳ್ಳಲು ನಾನೂ ಒಂದು ಸಿವುಡು ಎತ್ತಿಕೊಂಡು ಸೋಸತೊಡಗಿದೆ. ಎಲೆಗಳನ್ನೆಲ್ಲ ಕಸಕ್ಕೆ ಹಾಕಿ, ಕಡ್ಡಿಗಳನ್ನು ಬುಟ್ಟಿಗೆ ತುಂಬುತ್ತಿದ್ದೆ. ಅವ್ವ ನನ್ನ ಕೈ ನೋಡಿ, ಬುಟ್ಟಿಯನ್ನು ಇನ್ನಷ್ಟು ನನ್ನ ಕಡೆ ಸರಿಸಿದಳು.